ಸೋದರಮಾವನ ವಿಸಿಟಿಂಗ್ ಕಾರ್ಡ್

ನನ್ನ ಹೆಸರಿನಲ್ಲಿ ವಿಸಿಟಿಂಗ್ ಕಾರ್ಡ್ ಮಾಡಿಸಿದ್ದು ನಾನಲ್ಲ, ನನ್ನ ತಂಗಿ ಸೀತಾಳ ಗಂಡ ರವಿಶಂಕರ. ಮಗಳ ಮದುವೆಗೆ ಹನ್ನೆರಡು ದಿನ ಇರುವಾಗ ಶಿವಮೊಗ್ಗದ ವಿದ್ಯಾನಗರದಿಂದ ಕಾರಿನಲ್ಲಿ ಭದ್ರಾವತಿಗೆ ಬಂದ. ನಮ್ಮ ಮನೆಯ ಸಂದಿಗೆ ಕಾರು ನುಗ್ಗುವುದಿಲ್ಲ. ಮೂಲೆಯಿಂದ ನಡೆದು ಬರುವಷ್ಟರಲ್ಲಿ ಅವನ ಮುಖ ಗಂಟಾಗಿತ್ತು. ಕೊಟ್ಟ ಕಾಫಿಯನ್ನು ಪಕ್ಕಕ್ಕಿಟ್ಟು ಜೇಬಿನಿಂದ ಒಂದು ಕಟ್ಟು ಕಾರ್ಡು ತೆಗೆದ. ಬಂಗಾರದ ಬಣ್ಣದ ಅಕ್ಷರ. ‘ಗಣಪಯ್ಯ, ಇಂಡಸ್ಟ್ರಿಯಲಿಸ್ಟ್, ಭದ್ರಾವತಿ.’

ಗಣಪಯ್ಯ ಎಂದರೆ ನಾನು. ನಾನು ಮಾಡುವುದು ಕುಕ್ಕರ್ ರಿಪೇರಿ, ಗ್ಯಾಸ್ ಒಲೆ ರಿಪೇರಿ. ಮೊಪೆಡ್ಡಿನ ಹಿಂದೆ ತಗಡಿನ ಪೆಟ್ಟಿಗೆ ಕಟ್ಟಿಕೊಂಡು ನ್ಯೂ ಟೌನಿನ ಕ್ವಾರ್ಟರ್ಸುಗಳ ಮುಂದೆ ಇಪ್ಪತ್ತಾರು ವರ್ಷದಿಂದ ಕೂಗುತ್ತಿದ್ದೇನೆ. ಕೂಗಿ ಕೂಗಿ ನನ್ನ ಗಂಟಲು ಕುಕ್ಕರಿನ ಸೀಟಿಯ ಹಾಗೆ ಆಗಿದೆ ಎಂದು ಹೆಂಡತಿ ದಾಕ್ಷಾಯಣಿ ಹೇಳುತ್ತಾಳೆ.

“ಇದೇನು ಭಾವ?” ಎಂದೆ.

“ಬೀಗರು ದಾವಣಗೆರೆಯಲ್ಲಿ ಎರಡು ಅಕ್ಕಿ ಗಿರಣಿ ಇಟ್ಟೋರು. ಸ್ಟೇಟಸ್ ನೋಡೋ ಜನ. ಹುಡುಗಿಯ ಸೋದರಮಾವ ಏನು ಮಾಡ್ತಾರೆ ಅಂತ ಕೇಳಿದ್ರು. ಭದ್ರಾವತೀಲಿ ಸಣ್ಣ ಯೂನಿಟ್ ಇದೆ ಅಂತ ಹೇಳಿದೀನಿ.”

“ಯೂನಿಟ್ಟು ಅಲ್ಲಿ ನಿಂತಿದೆ ನೋಡಿ, ಸ್ಟ್ಯಾಂಡ್ ಹಾಕ್ಕೊಂಡು,” ಎಂದು ಮೊಪೆಡ್ ತೋರಿಸಿದೆ.

ಅವನು ನಗಲಿಲ್ಲ. “ಒಂದೇ ದಿನ ಭಾವ. ಯಾರಾದ್ರೂ ಕೇಳಿದ್ರೆ ಕಾರ್ಡ್ ಕೊಡಿ, ಬಾಯಿ ಮುಚ್ಕೊಂಡಿರಿ. ಆಗಲ್ಲ ಅಂದ್ರೆ ಈಗ್ಲೇ ಹೇಳಿ. ನಿಮ್ಮ ದೊಡ್ಡಪ್ಪನ ಮಗ ಶ್ರೀಪಾದ ಇದಾನೆ, ಲೇಔಟ್ ಮಾಡ್ತಾನೆ, ಅವನೂ ಸೋದರಮಾವನೇ ಆಗ್ತಾನಲ್ಲ. ಮೇಧಾನ ಅವನೇ ಮಂಟಪಕ್ಕೆ ಕರ್ಕೊಂಡು ಬರ್ತಾನೆ.”



ನಮ್ಮಲ್ಲಿ ಮದುಮಗಳನ್ನು ಮಂಟಪಕ್ಕೆ ಎತ್ತಿ ತರುವುದು ಸೋದರಮಾವನ ಹಕ್ಕು. ಈಗೀಗ ಬರೀ ಕೈಹಿಡಿದು ನಡೆಸಿಕೊಂಡು ಬರುತ್ತಾರೆ. ಆದರೆ ಮೇಧಾ ಬಿಡುವವಳಲ್ಲ. ಬೇಸಿಗೆ ರಜೆಯೆಲ್ಲ ನಮ್ಮ ಮನೆಯಲ್ಲಿ ಕಳೆದವಳು. ಮೊಪೆಡ್ಡಿನ ಮುಂದೆ ನಿಂತು ನನಗಿಂತ ಜೋರಾಗಿ “ಕುಕ್ಕರ್ ರಿಪೇರೀ” ಎಂದು ಕೂಗಿದವಳು. ನಮಗೆ ಮಕ್ಕಳಿಲ್ಲ. ನಿಶ್ಚಿತಾರ್ಥ ಆದ ದಿನವೇ ಫೋನ್ ಮಾಡಿದ್ದಳು. “ಮಾವ, ನೀನು ಎತ್ಕೊಂಡೇ ಹೋಗ್ಬೇಕು. ಅರವತ್ತೆರಡು ಕೇಜಿ ಇದೀನಿ, ಪ್ರಾಕ್ಟೀಸ್ ಮಾಡ್ಕೋ.”

“ತುಂಬಿದ ಸಿಲಿಂಡರ್ ಹೆಗಲ ಮೇಲೆ ಹೊತ್ತು ಮೂರು ಮಹಡಿ ಹತ್ತಿದೋನು ಕಣೇ ನಾನು.”

“ಸಿಲಿಂಡರ್ ಸೀರೆ ಉಟ್ಕೊಂಡಿರಲ್ಲ ಮಾವ, ಜಾರುತ್ತೆ, ಹುಷಾರು.”

ಆ ಹುಡುಗಿಯನ್ನು ಶ್ರೀಪಾದ ಎತ್ತಬೇಕೆ? ನಾನು ಕಾರ್ಡು ಇಸಿದುಕೊಂಡೆ. ಸಿಟ್ಟಿನ ಮನುಷ್ಯ ಎಂದು ಊರಿಗೆಲ್ಲ ಗೊತ್ತಿರುವ ನಾನು, ಕೈ ಒಡ್ಡಿ ಇಸಿದುಕೊಂಡೆ.

ರವಿಶಂಕರ ಹೋದ ಮೇಲೆ ದಾಕ್ಷಾಯಣಿ ಒಂದು ಕಾರ್ಡು ಎತ್ತಿ ಬೆಳಕಿಗೆ ಹಿಡಿದಳು. “ಇಷ್ಟು ವರ್ಷ ಯಾರ ಜೊತೆ ಸಂಸಾರ ಮಾಡಿದೆ ಅಂತ ಇವತ್ತು ಗೊತ್ತಾಯ್ತು. ಇಂಡಸ್ಟ್ರಿಯಲಿಸ್ಟರೇ, ಅಕ್ಕಿ ಮುಗಿದಿದೆ, ತಂದುಕೊಡ್ತೀರಾ?”

“ಸುಮ್ನಿರೇ ಮಾರಾಯ್ತಿ. ಮಗುಗೋಸ್ಕರ.”

“ಮಗು ಕೇಳಿತ್ತಾ ಇದನ್ನ?”

ನಾನು ಅಕ್ಕಿಯ ಚೀಲ ಹಿಡಿದು ಹೊರಗೆ ನಡೆದೆ.

ಮದುವೆಯ ಬೆಳಿಗ್ಗೆ ಶಿವಮೊಗ್ಗದ ಕಲ್ಯಾಣ ಮಂಟಪದಲ್ಲಿ ರವಿಶಂಕರ ನನಗೆ ರೇಷ್ಮೆ ಪಂಚೆ, ರೇಷ್ಮೆ ಶರ್ಟು ಕೊಟ್ಟು, ಯಾರದೋ ಕೈಗಡಿಯಾರವನ್ನೂ ಕಟ್ಟಿಸಿದ. ಮುಹೂರ್ತ ಹತ್ತೂ ಇಪ್ಪತ್ತಕ್ಕೆ. ಬಾಗಿಲಲ್ಲಿ ನಿಂತು ನೋಡಿದೆ. ಬಂದವರ ಮುಖ ಯಾರೂ ನೋಡುತ್ತಿರಲಿಲ್ಲ. ಮೊದಲು ಕಾರು, ಆಮೇಲೆ ಕುತ್ತಿಗೆಯ ಚಿನ್ನ, ಆಮೇಲೆ ನಮಸ್ಕಾರ. ಕಾರೂ ಚಿನ್ನವೂ ಇಲ್ಲದವರಿಗೆ “ಊಟ ಮಾಡ್ಕೊಂಡು ಹೋಗಿ” ಎನ್ನುವುದೇ ಸ್ವಾಗತ. ಸಭಾಂಗಣದ ಮುಂದಿನ ಸಾಲಿನಲ್ಲಿ ಬಿಳಿ ಸೋಫಾಗಳಿದ್ದವು. ದಾಕ್ಷಾಯಣಿ ಹಿಂದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಉದ್ಯಮಿಯ ಹೆಂಡತಿಗೆ ಕಾರ್ಡು ಮಾಡಿಸಿರಲಿಲ್ಲ.

ಬೀಗರು ನನ್ನನ್ನು ಪಕ್ಕದ ಸೋಫಾದಲ್ಲೇ ಕೂರಿಸಿಕೊಂಡರು. ರವಿಶಂಕರ ಹೇಳಿದ ಹಾಗೆ ಕಾರ್ಡು ಕೊಟ್ಟೆ. ಅವರು ಓದಿ, ಜೋಪಾನವಾಗಿ ಜೇಬಿಗೆ ಹಾಕಿಕೊಂಡರು.

“ಯೂನಿಟ್‌ನಲ್ಲಿ ಎಷ್ಟು ಜನ ಕೆಲಸಕ್ಕಿದಾರೆ?”

“ಒಬ್ಬ.”

“ಒಬ್ಬ ಮ್ಯಾನೇಜರಾ? ಅಂದ್ರೆ ಎಲ್ಲಾ ಮಷೀನೇ ಅನ್ನಿ. ಅದೇ ಸರಿ, ಲೇಬರ್ ತಲೆನೋವು.”

ರವಿಶಂಕರ ಹಲ್ಲು ಕಿರಿದ. ನಾನೂ ಕಿರಿದೆ. ನನ್ನ ಹಲ್ಲು ನನಗೇ ಅಸಹ್ಯವಾಯಿತು.

ಆಗಲೇ ಅಡುಗೆಮನೆಯ ಕಡೆಯಿಂದ ಅಡುಗೆಯ ಭಟ್ಟರು ಬೆವರು ಒರೆಸಿಕೊಳ್ಳುತ್ತ ಓಡಿ ಬಂದರು. ಅವರದು ಭದ್ರಾವತಿಯೇ. ಅವರ ಒಲೆಗಳೆಲ್ಲ ನನ್ನ ಕೈಯಲ್ಲೇ ಬದುಕಿರುವುದು. ಮಂಟಪದ ಮ್ಯಾನೇಜರನನ್ನು ಹುಡುಕುತ್ತ ಬಂದವರು ನನ್ನನ್ನು ಕಂಡು ನಿಂತರು.

“ಗಣಪಯ್ಯ! ಇಲ್ಲೇ ಇದೀಯಾ ಮಾರಾಯ! ಮಂಟಪದ ಒಲೆ ಕೈಕೊಟ್ಟಿದೆ. ಉರಿ ಹಳದಿಗೆ ತಿರುಗಿದೆ, ಅನ್ನ ಅರ್ಧಕ್ಕೆ ನಿಂತಿದೆ. ಬಾ ಬಾ.”

ರವಿಶಂಕರ ಮಧ್ಯೆ ಬಾಯಿ ಹಾಕಿದ. “ಭಟ್ರೇ, ಯಾರನ್ನೋ ನೋಡಿ ಯಾರೋ ಅನ್ಕೊಂಡಿದೀರಿ. ಇವರು ಇಂಡಸ್ಟ್ರಿಯಲಿಸ್ಟ್.”

“ಯಾವ ಇಂಡಸ್ಟ್ರಿ? ಹೋದ ವಾರ ನಮ್ಮನೆ ಸ್ಟವ್‌ಗೆ ಪೈಪ್ ಹಾಕಿಕೊಟ್ಟಿದಾನೆ, ಇನ್ನೂರು ರೂಪಾಯಿ ಇಸ್ಕೊಂಡಿದಾನೆ!”

ಬೀಗರು ನನ್ನ ಮುಖ ನೋಡಿದರು. ರವಿಶಂಕರ ಕಣ್ಣಲ್ಲೇ ಬೇಡಿಕೊಂಡ. ‘ನಾನಲ್ಲ’ ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಭಟ್ಟರು ಪೆಚ್ಚಾಗಿ ಒಳಗೆ ಹೋಗುತ್ತಿದ್ದರು. ಇನ್ನರ್ಧ ಗಂಟೆಗೆ ನಾನು ಮೇಧಾಳನ್ನು ಎತ್ತುತ್ತಿದ್ದೆ. ಹಿಂದೆ ತಿರುಗಿದೆ. ದಾಕ್ಷಾಯಣಿ ಪ್ಲಾಸ್ಟಿಕ್ ಕುರ್ಚಿಯಿಂದ ನನ್ನನ್ನೇ ನೋಡುತ್ತಿದ್ದಳು.

“ಆ ಕಾರ್ಡ್ ಸ್ವಲ್ಪ ಕೊಡಿ,” ಎಂದು ಬೀಗರಿಗೆ ಕೈ ನೀಡಿದೆ. ಅವರ ಜೇಬಿನ ಪೆನ್ನನ್ನೂ ಕೇಳಿ ಇಸಿದುಕೊಂಡೆ. ಬಂಗಾರದ ಅಕ್ಷರವನ್ನು ಹೊಡೆದುಹಾಕಿ ಕೆಳಗೆ ಬರೆದೆ: ‘ಕುಕ್ಕರ್, ಗ್ಯಾಸ್ ಒಲೆ ರಿಪೇರಿ.’ ನನ್ನ ಅಕ್ಷರ ಚೆನ್ನಾಗಿದೆ. ನಮ್ಮೂರ ಶಾಲೆಯ ಮೇಷ್ಟ್ರು ಬೆತ್ತ ಹಿಡಿದು ತಿದ್ದಿಸಿದ ಅಕ್ಷರ.

“ತಗೊಳ್ಳಿ ಸ್ವಾಮಿ. ಇದು ಸರಿಯಾದ ಕಾರ್ಡು.”

ಬೀಗರ ಮುಖ ಕೆಂಪಾಯಿತು. “ಮೊದಲೇ ಹೇಳ್ಬೇಕಿತ್ತು.”

“ಹೌದು, ಹೇಳ್ಬೇಕಿತ್ತು. ಸುಳ್ಳು ಹೇಳಿದ್ದು ನನ್ನ ತಪ್ಪು. ರಿಪೇರಿ ಮಾಡೋದು ತಪ್ಪಲ್ಲ. ನಿಮ್ಮ ಜನ ನಾಲ್ಕು ನೂರು ಇದಾರೆ, ಅನ್ನ ಬೇಯ್ಬೇಕಲ್ಲ. ಬರ್ತೀನಿ.”

ರವಿಶಂಕರ ಹಿಂದೆಯೇ ಬಂದು ರಟ್ಟೆ ಹಿಡಿದ. “ಮದುವೆ ಮುರಿದ್ರೆ ಏನ್ ಮಾಡ್ತೀರಿ?”

“ಒಲೆ ರಿಪೇರಿಗೆ ಮುರಿಯೋ ಮದುವೆ ಆದ್ರೆ ಇವತ್ತೇ ಮುರೀಲಿ ಭಾವ. ತಾಳಿ ಕಟ್ಟೋಕೆ ಮುಂಚೆ ಗೊತ್ತಾದ್ರೆ ಒಳ್ಳೇದು.”

ರಟ್ಟೆ ಕೊಡವಿಕೊಂಡು ಒಳಗೆ ಹೋದೆ. ರೇಷ್ಮೆ ಪಂಚೆಯನ್ನು ಮೇಲೆ ಕಟ್ಟಿ, ಕೈಗಡಿಯಾರ ಬಿಚ್ಚಿ ಕಿಟಕಿಯಲ್ಲಿಟ್ಟು, ಒಲೆಯ ಬುಡಕ್ಕೆ ಕೂತೆ. ಗ್ಯಾಸ್ ಬಂದ್ ಮಾಡಿಸಿದೆ. ಗಾಳಿ ಹೋಗುವ ಬಾಯಿಗೆ ಮಸಿ, ಎಣ್ಣೆ ಜಿಡ್ಡು ಸೇರಿ ಗಟ್ಟಿಯಾಗಿತ್ತು. ಕೆರೆದು ತೆಗೆದು, ಗ್ಯಾಸ್ ಚಿಮ್ಮುವ ಜೆಟ್ಟಿನ ತೂತನ್ನು ದಾಕ್ಷಾಯಣಿಯ ಸೀರೆಯ ಪಿನ್ನಿನಿಂದ ಬಿಡಿಸಿದೆ. ಅವಳು ಯಾವಾಗ ಬಂದು ಪಿನ್ನು ಕೈಗಿಟ್ಟಳೋ ಗೊತ್ತಿಲ್ಲ. ಕಡ್ಡಿ ಗೀರಿದಾಗ ಉರಿ ಭುಸ್ಸೆಂದು ನೀಲಿಯಾಗಿ ಎದ್ದಿತು. ಇಪ್ಪತ್ತು ನಿಮಿಷ ಹಿಡಿಯಿತು. ಎರಡೂ ಕೈ ಮೊಣಕೈವರೆಗೆ ಕಪ್ಪು.

ಹೊರಗೆ ಓಲಗದವರು ಊದಲು ಶುರುಮಾಡಿದ್ದರು. ಕೈ ತೊಳೆದೆ. ನೀರಿಗೆ ಆ ಜಿಡ್ಡು ಹೋಗುತ್ತದೆಯೇ? ಮದುಮಗಳ ಕೋಣೆಗೆ ಓಡಿದೆ. ಬಾಗಿಲಲ್ಲಿ ಜರಿ ಶಲ್ಯ ಹೊದ್ದ ಶ್ರೀಪಾದ ಸಿದ್ಧನಾಗಿ ನಿಂತಿದ್ದ. ರವಿಶಂಕರ ಅಡ್ಡ ಕೈ ಇಟ್ಟ. “ಆ ಕೈಲಿ ಮುಟ್ಬೇಡಿ. ಸೀರೆ ನಲವತ್ತೆಂಟು ಸಾವಿರ. ಶ್ರೀಪಾದ ಎತ್ಕೊಳ್ತಾನೆ.”

“ಸೀರೆ ಬೆಲೆ ಗೊತ್ತಾಯ್ತು. ಹುಡುಗಿ ಬೆಲೆ ಎಷ್ಟು ಅಂತ ಹೇಳಿ ಭಾವ, ಅದಕ್ಕೆ ತಕ್ಕ ಹಾಗೆ ಕೈ ತೊಳ್ಕೊಂಡು ಬರ್ತೀನಿ!” ನನ್ನ ಗಂಟಲು ನ್ಯೂ ಟೌನಿನ ಗಂಟಲು. ಓಲಗ ನಿಂತುಹೋಯಿತು.

ಸೀತಾ ಅಳುತ್ತಿದ್ದಳು. ಒಳಗಿನಿಂದ ಮೇಧಾ ಕೇಳಿದಳು, “ಮಾವ, ಒಲೆ ಹತ್ತಿತಾ?”

“ಹತ್ತಿತು.”

“ನೀಲಿ ಉರಿ?”

“ನೀಲಿ.”

“ಮತ್ತೆ ಅಲ್ಲೇನು ನಿಂತಿದೀಯಾ? ಬಾ. ಅಪ್ಪಾ, ಕೈ ತೆಗೀರಿ. ಇಲ್ದಿದ್ರೆ ನಾನು ಈ ಮಣೆ ಬಿಟ್ಟು ಏಳಲ್ಲ. ಶ್ರೀಪಾದ ಮಾವ ಬೇಕಾದ್ರೆ ನಿಮ್ಮನ್ನ ಎತ್ಕೊಳ್ಳಲಿ.”

ಯಾರೋ ಕಿಸಕ್ಕನೆ ನಕ್ಕರು. ಶ್ರೀಪಾದನೇ ಇರಬೇಕು, ಅವನು ಪಕ್ಕಕ್ಕೆ ಸರಿದ. ರವಿಶಂಕರನ ಕೈ ಇಳಿಯಿತು.

ಎತ್ತಿದೆ. ಅರವತ್ತೆರಡು ಕೇಜಿ ಎಂದಿದ್ದಳು, ಸುಳ್ಳು. ಒಡವೆ ಸೇರಿ ಎಪ್ಪತ್ತು ಇತ್ತು. ಸೋಫಾಗಳ ಮುಂದಿನಿಂದ, ಬೀಗರ ಎದುರಿನಿಂದಲೇ ನಡೆದೆ. ಅವರು ಕಾರ್ಡನ್ನು ಇನ್ನೂ ಕೈಯಲ್ಲಿ ಹಿಡಿದಿದ್ದರು. ಮುಖ ತಿರುಗಿಸಿಕೊಂಡರು. ತಿರುಗಿಸಿಕೊಳ್ಳಲಿ. ಅಂತರಪಟದ ಹಿಂದೆ ಇಳಿಸಿದಾಗ ಅವಳ ಸೀರೆಯ ಬಿಳಿ ರೇಷ್ಮೆಯ ಮೇಲೆ ನನ್ನ ಐದೂ ಬೆರಳು ಮೂಡಿದ್ದವು. ಹುಡುಗನ ತಾಯಿ ಒರೆಸಲು ಕರ್ಚೀಫ್ ತೆಗೆದರು.

“ಇರ್ಲಿ ಬಿಡಿ ಅತ್ತೆ, ನಮ್ಮ ಮಾವಂದು,” ಎಂದಳು ಮೇಧಾ.

ಮದುವೆ ಮುರಿಯಲಿಲ್ಲ. ನೀಲಿ ಉರಿಯಲ್ಲಿ ಬೆಂದ ಅನ್ನವನ್ನು ಎಲ್ಲರೂ ಉಂಡರು, ಬೀಗರೂ ಉಂಡರು. ನಾನು ದಾಕ್ಷಾಯಣಿಯ ಪಕ್ಕದ ಎಲೆಗೆ ಕೂತೆ. ಅಂದಿನಿಂದ ರವಿಶಂಕರ ನನ್ನ ಹತ್ತಿರ ಮಾತಾಡಿಲ್ಲ. ಆಲ್ಬಮ್ಮಿನಲ್ಲಿ ಆ ಮಸಿಯನ್ನು ಅಳಿಸಿಕೊಡಿ ಎಂದು ಫೋಟೋದವನಿಗೆ ಹೇಳಿದ್ದನಂತೆ. ಅಳಿಸಿದರೆ ಆಲ್ಬಮ್ಮೇ ಬೇಡ ಎಂದು ಮೇಧಾ ಫೋನ್ ಮಾಡಿದಳಂತೆ.

ಉಳಿದ ಕಾರ್ಡುಗಳು ನನ್ನ ಪೆಟ್ಟಿಗೆಯಲ್ಲಿವೆ. ಬಂಗಾರದ ಅಕ್ಷರ ಹೊಡೆದುಹಾಕಿ, ಕೆಲಸವನ್ನೂ ಫೋನ್ ನಂಬರನ್ನೂ ಬರೆದು ಕ್ವಾರ್ಟರ್ಸಿನ ಮನೆಗಳಿಗೆ ಹಂಚುತ್ತಿದ್ದೇನೆ. ಕಾಗದ ಮಾತ್ರ ಗಟ್ಟಿ ಇದೆ, ಸುಳ್ಳು ಹೇಳಬಾರದು.