ಕಿನುಯೊಳ ಐದು ಗೆರೆ

ಹನ್ನೆರಡು ಗೆರೆ ಇರಬೇಕಾದ ಕಡೆ ಐದೇ ಗೆರೆ. ಕಿನುಯೊಳ ಎಲೆಕ್ಟ್ರಿಕ್ ಕಾರಿನ ಪರದೆಯಲ್ಲಿ ಬ್ಯಾಟರಿಯ ಕಸುವು ತೋರಿಸುವ ಗೆರೆಗಳವು; ಬ್ಯಾಟರಿ ಸವೆದು ಉಳಿದದ್ದು ಅಷ್ಟೇ. ಇಬ್ಬರು ಓಡಿಸಿ ಬಿಟ್ಟ ಕಾರು, ಹದಿಮೂರು ವರ್ಷದ್ದು. ಜಪಾನಿನ ಶಿಕೋಕು ದ್ವೀಪದ ಅವಳ ಬೆಟ್ಟದ ಮೇಲಿದ್ದ ಪೆಟ್ರೋಲ್ ಬಂಕು ಮುಚ್ಚಿದಾಗ ಕೊಂಡದ್ದು. ಅರವತ್ತೊಂಬತ್ತರ ಕಿನುಯೊ ಸೋಯಾ ಹಾಲು ಒಡೆಸಿ ತಾನೇ ಮಾಡಿದ ಕಲ್ಲಿನಂಥ ಗಟ್ಟಿ ತೋಫುವನ್ನು ದಿನಾ ಬೆಳಿಗ್ಗೆ ಅದರಲ್ಲಿ ಹೇರಿಕೊಂಡು ಕೆಳಗಿನ ಹೆದ್ದಾರಿ ಸಂತೆಗೆ ಒಯ್ಯುತ್ತಿದ್ದಳು. ಕಾರು ಹೋದರೆ ತೋಫು ಹೋಯಿತು, ತೋಫು ಹೋದರೆ ಬೆಟ್ಟದ ಬದುಕೂ ಹೋಯಿತು.

"ಈ ಚಳಿಗಾಲ ಇದು ಬೆಟ್ಟ ಹತ್ತಲ್ಲ ಅತ್ತೆ," ಅಂದ ತಮ್ಮನ ಮಗ ಕುನಿಹಿಕೊ, ಪೇಟೆಯಲ್ಲಿ ಗ್ಯಾರೇಜು ಇಟ್ಟವನು. "ದಾರೀಲಿ ನಿಂತ್ರೆ ಹಿಮದಲ್ಲಿ ಸೆಟೆದು ಹೋಗ್ತೀರಿ. ಗುಜರಿಗೆ ಹಾಕಿ ನಮ್ಮನೇಗೆ ಬಂದ್ಬಿಡಿ."

"ನಾಳೆ ನೀನೂ ಬಾ. ಎಲ್ಲಾದ್ರೂ ನಿಂತ್ರೆ ಕೀಲಿ ನಿನ್ನ ಕೈಗೆ. ನಿಲ್ಲದಿದ್ರೆ ಇನ್ಮೇಲೆ ಬಾಯಿ ಮುಚ್ಕೊಂಡಿರ್ಬೇಕು."

ಮಾರನೇ ಬೆಳಿಗ್ಗೆ ಕುನಿಹಿಕೊ ಕಾರೊಳಗೆ ಇಣುಕಿ ಬೆಚ್ಚಿಬಿದ್ದ. "ಅಯ್ಯೋ, ಚಾರ್ಜು ನೂರಕ್ಕೆ ಎಂಬತ್ತೇ ಇದೆ! ಪೂರ್ತಿ ಮಾಡಿಲ್ವಾ?"

"ಬೇಕಂತಲೇ ನಿಲ್ಲಿಸಿದ್ದು. ಉಳಿದದ್ದನ್ನ ಬೆಟ್ಟ ತುಂಬುತ್ತೆ. ದಿನಾ ಕಂಠಪೂರ್ತಿ ತುಂಬಿಸಿ ತುಂಬಿಸಿ ಆಚೆಮನೆ ಓಜಾಕಿ ತನ್ನ ಕಾರನ್ನ ಕೊಂದೇಬಿಟ್ಟ. ಕೂತ್ಕೋ."

ಇಳಿಜಾರಿನಲ್ಲಿ ಅವಳು ಬ್ರೇಕು ತುಳಿಯಲೇ ಇಲ್ಲ. ಮೋಟಾರೇ ಕಾರನ್ನು ತಡೆದು ಹಿಡಿದಿತ್ತು, ಉರುಳುವ ಚಕ್ರಗಳೇ ಬ್ಯಾಟರಿಗೆ ಕರೆಂಟು ಊಡುತ್ತಿದ್ದವು. ಹಿಂದೆ ತೋಫುವಿನ ಭಾರ ಇದ್ದಷ್ಟೂ ಲಾಭ. ಬೆಟ್ಟದ ಬುಡದ ಸೇತುವೆ ಮುಟ್ಟಿದಾಗ ತೊಂಬತ್ತೊಂದು! ಕುನಿಹಿಕೊ ಕಣ್ಣುಜ್ಜಿಕೊಂಡ. ದೊಡ್ಡ ಗ್ಯಾರೇಜಿನವನಂತೆ! ಪೆಟ್ರೋಲ್ ವಾಸನೆ ಬಿಟ್ಟರೆ ಅವನಿಗೆ ಇನ್ನೇನು ಗೊತ್ತು, ಪಾಪ.

ಅಲ್ಲಿಂದ ಸಂತೆಗೆ ಹೊಳೆದಂಡೆಯ ಉದ್ದನೆಯ ದಾರಿ. ತೋಫು ಒಂದೂ ಉಳಿಯದೆ ಖರ್ಚಾಯಿತು. ವಾಪಸು ಬರುವಾಗ ಕಿನುಯೊ ಹೀಟರ್ ಹಾಕಲಿಲ್ಲ, ಎಂದೂ ಹಾಕಿದವಳಲ್ಲ. ತೊಡೆಯ ಮೇಲೆ ಬಿಸಿನೀರಿನ ತಗಡಿನ ಡಬ್ಬಿ ಇಟ್ಟುಕೊಂಡು, ಮೇಲೆ ಕಂಬಳಿ ಹೊದ್ದು ಜಮ್ಮೆಂದು ಕೂತಿದ್ದಳು. ಪಕ್ಕದಲ್ಲಿ ಸೋದರಳಿಯನ ಹಲ್ಲು ಕಟಕಟ ಅನ್ನುತ್ತಿತ್ತು.

ಕೊನೆಯ ಏರಿನಲ್ಲಿ ಚಾರ್ಜಿನ ಅಂಕಿಯೇ ಮಾಯವಾಗಿ ಅದರ ಜಾಗಕ್ಕೆ ಮೂರು ಅಡ್ಡಗೆರೆ ಬಂತು; ಬ್ಯಾಟರಿ ತಳ ಕಂಡಿತ್ತು. ಕಾರು ತೆವಳತೊಡಗಿತು.

"ಮುಗೀತು ಅತ್ತೆ. ಕೀಲಿ ಕೊಡಿ."

ಕಿನುಯೊ ಪರದೆಯನ್ನು ಬೆರಳಿನಿಂದ ಕುಟ್ಟಿ ನೋಡಿದಳು. ದಿನಾ ಈ ತಿರುವಿನಲ್ಲಿ ಎಂಟಾದರೂ ಉಳಿಯುತ್ತಿತ್ತು. ಇವತ್ತೇನು ಬಂತು ಕೇಡು? ಪಕ್ಕಕ್ಕೆ ತಿರುಗಿದಳು. ತೊಂಬತ್ತು ಕಿಲೋ ಕೂತಿತ್ತು.

"ಇಳಿಯೋ!"

"ಏನು?"

"ತೋಫು ಮಾರಿಹೋಯ್ತು, ನಿನ್ನನ್ನ ಯಾರೂ ಕೊಳ್ಳಲಿಲ್ಲ. ನಾನು ನಿಲ್ಲಿಸಲ್ಲ. ಹೀಗೇ ನಡ್ಕೊಂಡು ಇಳಿದ್ಬಿಡು!"

ಕಾರು ಆಮೆಗಿಂತ ಮೆಲ್ಲಗಿತ್ತು. ಕುನಿಹಿಕೊ ಬಾಗಿಲು ತೆಗೆದು ಹಿಮಕ್ಕೆ ಕಾಲಿಟ್ಟ. ಭಾರ ಇಳಿದದ್ದೇ ತಡ, ಕಾರು ಉಸಿರು ಹಿಡಿದು ತಿರುವು ಹತ್ತಿ ಮರೆಯಾಯಿತು.

ಅವನು ಏದುಸಿರು ಬಿಡುತ್ತಾ ಅಂಗಳ ಮುಟ್ಟುವ ಹೊತ್ತಿಗೆ ಕಾರು ಕೊಟ್ಟಿಗೆಯಲ್ಲಿ ಚಾರ್ಜಿಗೆ ಕೂತಿತ್ತು. ಕಿನುಯೊ ಹುದುಗಿಸಿದ ಸೋಯಾ ಹಿಟ್ಟು ಮಿಸೊ ಹಚ್ಚಿ ಸುಟ್ಟ ತೋಫು ಮುಂದಿಟ್ಟಳು.

"ಕಾರು ನಿಂತಿತಾ?"

"ಇಲ್ಲ."

"ನಂಗೆ ಕಿವಿ ಮಂದ. ಜೋರಾಗಿ ಹೇಳು."

"ನಿಲ್ಲಲಿಲ್ಲ ಅತ್ತೆ! ನಿಮ್ಮಂಥೋರು ಓಡಿಸಿದ್ರೆ ಯಾವ ಕಾರು ನಿಲ್ಲುತ್ತೆ?"

ಅವಳು ಇನ್ನೊಂದು ತುಂಡು ಬಡಿಸಿದಳು. ಹೆಮ್ಮೆಯಿಂದ ಮುಖ ಕೆಂಪೇರಿದ್ದನ್ನು ಒಲೆಯ ಕಾವಿನ ಮೇಲೆ ಹಾಕಿಬಿಟ್ಟಳು.

ಸಂಜೆ ಹೊರಡುವಾಗ ಕುನಿಹಿಕೊ ಕೊಟ್ಟಿಗೆಗೆ ಹೋಗಿ ಇಣುಕಿದ. ಎಂಬತ್ತು ತೋರಿಸುತ್ತಿತ್ತು. ಯಾರೂ ಹೇಳದಿದ್ದರೂ ತಾನೇ ಬಗ್ಗಿ ಚಾರ್ಜಿನ ತಂತಿ ಕಿತ್ತು, ಸುತ್ತಿ ಗೂಟಕ್ಕೆ ನೇತುಹಾಕಿದ.