ಕೆರೆಗೆ ಹೊಸ ಹೆಸರು

ಹೊನ್ನಾವರದ ಗುಡ್ಡದ ಮೇಲಿನ ಆ ಕೆರೆಯನ್ನು ಹಾರ್ಟನ್ ಎಂಬ ಬಿಳಿ ಸಾಹೇಬ ಕಂಡುಹಿಡಿದನೆಂದು ದಂಡೆಯ ಕಲ್ಲು ಹೇಳುತ್ತಿತ್ತು. ಸುಕ್ರಿಯ ಅಜ್ಜಿಯ ಹಾಡು ಬೇರೆಯದನ್ನೇ ಹೇಳುತ್ತಿತ್ತು. ಸಾಹೇಬ ಆಳುಗಳು ಹೊತ್ತ ಕುರ್ಚಿಯಲ್ಲಿ ಕೂತು ನಿದ್ದೆಹೋಗಿದ್ದನಂತೆ. ಹೊತ್ತವರು ಕೆರೆ ಮುಟ್ಟಿ, ಕುರ್ಚಿ ಇಳಿಸಿ, ಮಿಂದು, ಗಂಜಿ ಉಂಡ ಮೇಲೆ ಅವನಿಗೆ ಎಚ್ಚರವಾಯಿತಂತೆ. ಕಣ್ಣು ಬಿಟ್ಟವನೇ ಕಂಡುಹಿಡಿದನಂತೆ.

ಕಂಡುಹಿಡಿದು, ಕೆರೆಗೆ ತನ್ನ ಹೆಸರಿಟ್ಟೂ ಸುಮ್ಮನಾಗಲಿಲ್ಲ. ಕೆರೆಯ ಜೊಂಡು ಸರಕಾರದ್ದು, ಯಾರೂ ಕೊಯ್ಯಬಾರದು ಎಂದು ಹುಕುಂ ಹೊರಡಿಸಿದ. ಜೊಂಡಿನ ಚಾಪೆ ನೇಯ್ದೇ ಹೊಟ್ಟೆ ಹೊರೆಯುವ ಸುಕ್ರಿಯ ಮನೆಯವರು ಆದರೂ ಹೇಗೋ ಬದುಕಿದರು. ಅರಣ್ಯದ ಹಳೆಯ ಗಾರ್ಡನಿಗೆ ವರ್ಷಕ್ಕೊಂದು ಚಾಪೆ ಕೊಟ್ಟರೆ ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಬಂದ ದುರ್ಗಪ್ಪ ಗಾರ್ಡ ಮಾತ್ರ ಬಲು ಪ್ರಾಮಾಣಿಕ. ಚಾಪೆ ಮುಟ್ಟಲಿಲ್ಲ, ಜೊಂಡು ಮುಟ್ಟಗೊಡಲಿಲ್ಲ. ಸುಕ್ರಿ ಚಾಪೆ ನೇಯದೆ ಎರಡು ತಿಂಗಳಾಗಿತ್ತು. ಒಲೆಯೂ ದಿನಕ್ಕೊಂದೇ ಸಲ ಉರಿಯುತ್ತಿತ್ತು.

ಅಂಥದ್ದರಲ್ಲಿ ಬಿಳಿಯರಿಟ್ಟ ಹೆಸರು ಬದಲಿಸುವ ಕಮಿಟಿಯ ಅಧ್ಯಕ್ಷ ವೆಂಕಟ್ರಮಣ ರಾಯರು ಆ ಗುಲಾಮಗಿರಿಯ ಕಲ್ಲನ್ನು ಕಣ್ಣಾರೆ ಕಾಣಲು ಕುಮಟೆಯಿಂದ ಬಂದರು. ಮೈಮೇಲೆ ಖಾದಿ, ಮೊಣಕಾಲಲ್ಲಿ ನೋವು. ಹಾಗಾಗಿ ಕುರ್ಚಿಗೆ ಬಿದಿರು ಕಟ್ಟಿ ಸುಕ್ರಿಯ ಅಣ್ಣ ಚೌಡ ಮತ್ತು ಇನ್ನೂ ಮೂವರು ಹೊತ್ತರು. ದಾರಿ ತೋರಿಸಲು ಮುಂದೆ ನಡೆದ ಸುಕ್ರಿ, ಜೊಂಡು ಕೇಳುವ ಮಾತನ್ನು ನಾಲ್ಕು ಮೈಲಿಯೂ ಬಾಯೊಳಗೇ ಉರುಹೊಡೆದಳು.

ಕಲ್ಲು ಕಂಡದ್ದೇ ರಾಯರು ಗುಡುಗಿದರು. "ನಮ್ಮ ಹೆಗಲ ಮೇಲೆ ಕೂತು ಆಳಿದರಲ್ರೋ!"

ಅವರಿನ್ನೂ ಕುರ್ಚಿಯಿಂದ ಇಳಿದಿರಲಿಲ್ಲ.

"ಹೌದು ಒಡೆಯಾ," ಎಂದ ಚೌಡ, ಬಿದಿರನ್ನು ಇನ್ನೊಂದು ಹೆಗಲಿಗೆ ಹಾಕಿಕೊಳ್ಳುತ್ತ. "ಹೆಗಲು ಇನ್ನೂ ಮರೀಲಿಲ್ಲ."

"ನೀವು ಈ ಕೆರೆಗೆ ಎಂತ ಹೇಳೂದು?"

"ಎಂತ ಹೇಳೂದು ಒಡೆಯಾ? ಕೆರೆ ಹೇಳೂದು."

ರಾಯರಿಗೆ ಅದು ಹೆಸರೆನಿಸಲಿಲ್ಲ. 'ವೆಂಕಟ್ರಮಣ ಸರೋವರ' ಎಂದು ಡೈರಿಯಲ್ಲಿ ಬರೆದುಕೊಂಡರು. "ದೇವರ ಹೆಸರು," ಎಂದರು, ಯಾರೂ ಕೇಳದಿದ್ದರೂ.

ಸುಕ್ರಿ ನೆಲ ನೋಡುತ್ತ ಬಾಯಿ ಬಿಟ್ಟಳು. "ಒಡೆಯಾ, ಜೊಂಡು ಕೊಯ್ಯೂಕೆ ಬಿಡಿ. ಚಾಪೆ ಇಲ್ದೆ ಉಪಾಸ."

"ಹೆಸರು ಬದಲಿಸ್ಲಕ್ಕು ಮಗಾ, ಕಾಯ್ದೆ ಹಾಂಗಲ್ಲ. ಮೊದಲು ಅವರ ಕಾಯ್ದೆ. ಈಗ ನಮ್ಮದೇ! ಹೆಮ್ಮೆ ಪಡು."

ಸುಕ್ರಿಗೆ ಹೆಮ್ಮೆ ಬರಲಿಲ್ಲ. ಆದರೆ ರಾಯರು ಕುರ್ಚಿಯಲ್ಲಿ ಆಚೆಗೊಮ್ಮೆ ಈಚೆಗೊಮ್ಮೆ ಹೊರಳುವುದನ್ನು ಅವಳು ಬೆಳಗಿನಿಂದಲೂ ನೋಡುತ್ತಿದ್ದಳು.

"ಹಲಗೆ ಒತ್ತೂದಾ ಒಡೆಯಾ? ಕೆಳಗೆ ಮೆತ್ತಗೆ ಎಂತಾರೂ ಹಾಕೂದಾ?"

"ಹಾಕೇ ಮಾರಾಯ್ತಿ! ಸೊಂಟ ಮುರೀತು."

"ಇಲ್ಲಿ ಜೊಂಡು ಬಿಟ್ರೆ ಎಂತದೂ ಇಲ್ಲ. ಕಾಯ್ದೆ…"

ರಾಯರು ಕಾಯ್ದೆಯನ್ನು ನೆನೆದರು. ಇಳಿಯಬೇಕಾದ ನಾಲ್ಕು ಮೈಲಿಯನ್ನೂ ನೆನೆದರು. "ಇದು ಸರಕಾರಿ ಕೆಲಸ. ಕೊಯ್ಯಿ."

ಸುಕ್ರಿ ಸೊಂಟದ ಕತ್ತಿ ತೆಗೆದು ಕೆರೆಗಿಳಿದಳು. ಅಡಿಗೊಂದು ಕಟ್ಟು, ಬೆನ್ನಿಗೊಂದು, ಕೈಗಳಿಗೆ ಎರಡು, ಕಾಲಿಡಲು ದಪ್ಪದ್ದೊಂದು.

"ಇನ್ನೊಂದು ಸ್ವಲ್ಪ," ಎಂದರು ರಾಯರು, ಕಣ್ಣು ಮುಚ್ಚಿ.

"ಆತು ಒಡೆಯಾ."

ಇಳಿಯುವಾಗ ಅರಣ್ಯದ ನಾಕೆಯ ಗೇಟಿನಲ್ಲಿ ದುರ್ಗಪ್ಪ ಗಾರ್ಡ ಸುಕ್ರಿಯನ್ನು ತಡೆದು, ಕಂಬಳಿ ಕೊಡವಿಸಿ, ಒಂದು ಎಸಳೂ ಇಲ್ಲವೆಂದು ಖಾತ್ರಿ ಮಾಡಿಕೊಂಡ. ಆಮೇಲೆ ಕುರ್ಚಿಯ ಕಡೆ ತಿರುಗಿ ಸೆಟೆದು ನಿಂತು ಸಲಾಮು ಹೊಡೆದ.

ರಸ್ತೆಯಲ್ಲಿ ರಾಯರು ಮೋಟಾರು ಹತ್ತಿದರು. ಧೋತರದ ಹಿಂಬದಿ ಹಸಿರಾಗಿತ್ತು. ಸುಕ್ರಿ ಕುರ್ಚಿಯಲ್ಲಿದ್ದ ಕಟ್ಟುಗಳನ್ನೆಲ್ಲ ಒಟ್ಟುಮಾಡಿ ತಲೆಗೇರಿಸಿಕೊಂಡು, ಹುಟ್ಟಿದಾಗಿನಿಂದ ಆಡದಷ್ಟು ಗಟ್ಟಿಯಾಗಿ ಕೂಗಿದಳು.

"ಒಡೆಯಾ, ಹೊಸ ಕಲ್ಲು ನೆಡೂಕೆ ಬೇಗ ಬರೂದು!"

ಜನರ ಈ ದೇಶಪ್ರೇಮ ಕಂಡು ರಾಯರ ಕಣ್ಣು ತುಂಬಿ ಬಂತು.