ಚಿಲಕವಿದ್ದ ಜಾಗ

ಸಾಸಿವೆಯಷ್ಟು ಬೆಳಕು, ಅಷ್ಟೇ, ಬಚ್ಚಲುಮನೆಯ ಬಾಗಿಲಲ್ಲಿ ಚಿಲಕವಿದ್ದ ಜಾಗದಲ್ಲಿ ಈಗ ನಾಲ್ಕು ತೂತು, ಮೂರು ಕುರುಡು, ಒಂದು ಮಾತ್ರ ಆಚೆಯವರೆಗೂ — ಸ್ಕ್ರೂ ಉದ್ದವಾಗಿತ್ತು, ಅವನದೇ ತಪ್ಪು, ಊರವರ ಬಾಗಿಲು ಕೂರಿಸುವ ಗಡಿಬಿಡಿಯಲ್ಲಿ ಸ್ವಂತ ಮನೆಗೆ ಕೈಗೆ ಸಿಕ್ಕಿದ್ದನ್ನು ಬಿಗಿದಿದ್ದ, ತುದಿ ಆಚೆ ಇಣುಕಿ ಹೆಂಡತಿಯ ಬೆರಳು ಗೀರಿತ್ತು, ಬಡಗಿ ಮನೆ ಬಾಗಿಲಿಗೆ ಹಲ್ಲು ಬಂದಿದೆ ನೋಡ್ರೀ, ಅಂದು ನಕ್ಕಿದ್ದಳು, ಅವನೂ ಅರ ಹಾಕಿ ಉಜ್ಜುತ್ತಾ ನಕ್ಕಿದ್ದ, ಆಗೆಲ್ಲ ನಗು ಎಷ್ಟು ಸಲೀಸಾಗಿ ಬರುತ್ತಿತ್ತು. ಈಗ ಗುನುಗಬೇಕು. ಅವನು ಹಾರ್ಟ್ ಅಟ್ಯಾಕ್ ಆಗಿ ಆಸ್ಪತ್ರೆಯಿಂದ ಬಂದ ದಿನವೇ ಅವನ ಸ್ಕ್ರೂಡ್ರೈವರಿನಿಂದಲೇ ಅವಳು ಚಿಲಕ ಬಿಚ್ಚಿದ್ದಳು, ಒಳಗಿರೋ ಅಷ್ಟು ಹೊತ್ತೂ ಏನಾದ್ರೂ ಗುನುಗ್ತಾ ಇರಿ, ಸದ್ದು ನಿಂತ್ರೆ ನಾನು ಒಳಗೆ ಬಂದುಬಿಡ್ತೀನಿ, — ಹಾಗಾಗಿ ಹ್ಞೂಂ ಹ್ಞೂಂ, ರಾಗವಿಲ್ಲ, ತಾಳವಿಲ್ಲ, ಬದುಕಿದ್ದೇನೆ ಎನ್ನುವುದಕ್ಕೆ ರಸೀದಿ, ಅಷ್ಟೇ. ದೀಪ ಹಾಕಿಲ್ಲ, ಅಳುವುದಕ್ಕೆ ಬಂದವನಿಗೆ ದೀಪ ಯಾಕೆ. ಅಪ್ಪ ಹೋದಾಗ ಇಲ್ಲೇ ನಲ್ಲಿ ತಿರುಗಿಸಿ ಅತ್ತಿದ್ದ, ಯಾರಿಗೂ ಗೊತ್ತಾಗಲಿಲ್ಲ, ಗಂಡಸಿಗೆ ಅಳಲು ಇಡೀ ಮನೆಯಲ್ಲಿ ಇದ್ದದ್ದು ಇಷ್ಟೇ ಜಾಗ, ಅದರ ಚಿಲಕವೂ ಹೋಯಿತು, ಅಳಬೇಕಾದರೆ ಗುನುಗು ನಿಲ್ಲಿಸಬೇಕು, ನಿಲ್ಲಿಸಿದರೆ ಅವಳು.

ಹ್ಞೂಂ ಹ್ಞೂಂ, ನಿಮ್ಮ ಹಾರ್ಟ್ ಈಗ ಫಸ್ಟ್ ಕ್ಲಾಸ್, ಅಂದರು ಡಾಕ್ಟರು, ಹೇಗಿದ್ದೀರಿ ಎಂದು ಕೇಳುವಾಗಲೇ ಕೈ ಮುಂದಿನವರ ಫೈಲಿನ ಮೇಲೆ, ಚೆನ್ನಾಗಿದ್ದೀನಿ ಡಾಕ್ಟ್ರೇ, ಇನ್ನೇನು ಹೇಳುವುದು. ಯಮನ ಬಾಗಿಲವರೆಗೂ ಹೋಗಿ ಬಂದ್ರಲ್ಲ ಭಾವ, ಅದು ಯಾವ ಮರದ್ದು — ಹೆಂಡತಿಯ ತಮ್ಮ ಹಾಗೆಂದು ಹೊಟ್ಟೆ ಹಿಡಿದುಕೊಂಡು ನಕ್ಕ, ಇವನೂ ಹಲ್ಲು ಕಿರಿದ. ನಿನ್ನೆ ಅಂಗಡಿಗೆ ಹೋಗಿ ಕೀಸುಳಿಯನ್ನು ಹಲಗೆಯ ಮೇಲಿಟ್ಟ, ತೋಳಿನಲ್ಲಿ ಬಲವಿತ್ತು, ತಳ್ಳಲು ಮನಸ್ಸೇ ಇರಲಿಲ್ಲ, ಯಾಕೆ ನುಣುಪು ಮಾಡಬೇಕು, ಯಾರಿಗೆ, ಹೊಸ ಮರದ ವಾಸನೆ ಕೂಡ ಮೂಗಿಗೆ ಹತ್ತಲಿಲ್ಲ, ಅಪ್ಪ ಬೇಗ ಸುಸ್ತಾಗ್ತಾರೆ ಪಾಪ, ಅಂದಳು ಮಗಳು, ಸುಸ್ತಲ್ಲ ಮಗಳೇ, ಸುಸ್ತಾದರೆ ಮಲಗಿದರೆ ಹೋಗುತ್ತದೆ, ಇದು ಮಲಗಿ ಎದ್ದರೂ ಎದೆಯ ಮೇಲೇ ಕೂತಿರುತ್ತದೆ. ಬದುಕಿ ಬಂದವನಿಗೆ ಬದುಕೇ ಬೇಡವಾಗಿದೆ ಎಂದರೆ ಯಾರು ನಂಬುತ್ತಾರೆ, ಅದರಲ್ಲೂ ಅವಳು, ಆಸ್ಪತ್ರೆಯ ಬೆಂಚಿನ ಮೇಲೆ ಕೂತಲ್ಲೇ ಕೂತು ಇವನನ್ನು ಉಳಿಸಿಕೊಂಡವಳು, ಅವಳಿಗೆ ಯಾವ ಬಾಯಲ್ಲಿ ಹೇಳುವುದು, ತೂತಿನಲ್ಲಿ ಬೆಳಕು, ಸಾಸಿವೆಯಷ್ಟು, ಅದನ್ನೇ ನೋಡುತ್ತಾ ನಿಂತಿದ್ದಾನೆ, ಹ್ಞೂಂ — ಬರುತ್ತಿಲ್ಲ, ಯಾವಾಗ ನಿಂತಿತು, ರೀ, ಅವಳ ದನಿ, ಚಪ್ಪಲಿಯ ಸದ್ದು, ರೀ, ಬೆಳಕು ಆರಿತು. ಬಂದಳು. ಈಗ ತಳ್ಳುತ್ತಾಳೆ, ಕಣ್ಣಿಗೆ ಸೋಪು ಬಿತ್ತು ಎಂದುಬಿಡು, ಹೇಳು, ಬೇಗ — ತಳ್ಳಬೇಡ ಕಣೇ, ನಾನು ಅಳ್ತಿದ್ದೀನಿ, ನನಗೆ ಏನೂ ಬೇಡ ಅನ್ನಿಸ್ತಿದೆ, ಬಾಯಿಂದ ಬಂದದ್ದು ಇದು, ಹೇಳಿದ್ದು ತಾನೇನಾ, ಬಾಗಿಲು ಕದಲಲಿಲ್ಲ, ಆಚೆ ಅವಳು ಮೂಗು ಒರೆಸಿಕೊಂಡ ಸದ್ದು, ಅತ್ತುಬಿಡಿ, ನಾನು ಇಲ್ಲೇ ಇದ್ದೀನಿ, ಬಾಗಿಲಿಗೆ ಒರಗಿರಬೇಕು, ಹಲಗೆ ಕಿರುಗುಟ್ಟಿತು, ನಲ್ಲಿ ತಿರುಗಿಸಲು ಕೈ ಹೋಯಿತು, ತಿರುಗಿಸಲಿಲ್ಲ, ಆ ತೂತು, ಬೆಳಕಿಲ್ಲ, ಅಂದರೆ ಅವಳು ಅಲ್ಲೇ ಇದ್ದಾಳೆ, ಬೆಳಕಿಲ್ಲ, ಇನ್ನೂ ಬೆಳಕಿಲ್ಲ